ಊರಿಗೆ ಹೋದ ರಾಜಧಾನಿ

ಕಾಠ್ಮಂಡುವಿನ ಒಂದು ಗ್ರಂಥಾಲಯದಲ್ಲಿ ಕೂತು ನಾಲ್ಕೈದು ದಿನ ಓದಬೇಕೆಂದು 2016ರ ಅಕ್ಟೋಬರ್ 7ರಂದು ಆ ಊರಿಗೆ ಹೋಗಿ ಇಳಿದೆ. ಪಶುಪತಿನಾಥನ ಗರ್ಭಗುಡಿಯಲ್ಲಿ ಲಿಂಗ ಮುಟ್ಟಿ ಪೂಜೆ ಮಾಡುವ ಭಟ್ಟರು ದಕ್ಷಿಣದವರು, ಅವರಲ್ಲಿ ಹೆಚ್ಚಿನವರು ನಮ್ಮ ಕರ್ನಾಟಕದ ಕಡೆಯವರು. ಅವರು ಅಲ್ಲಿಗೆ ಹೋಗಿ ಸೇರಿದ ಕಥೆಯನ್ನು ಹಳೆಯ ಪುಸ್ತಕಗಳಲ್ಲಿ ಹುಡುಕುವುದು ನನ್ನ ಉದ್ದೇಶವಾಗಿತ್ತು. ದಸರಾ ರಜೆಗೆ ಹೊಂದಿಸಿ ಟಿಕೆಟ್ ತೆಗೆಸಿದ್ದೆ. ಅಲ್ಲಿಯೂ ನವರಾತ್ರಿ ಇರುತ್ತದೆ ಎನ್ನುವುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ತಲೆಯಲ್ಲಿದ್ದದ್ದು ಮೈಸೂರಿನ ಲೆಕ್ಕ. ದಸರೆಯೆಂದರೆ ಊರು ತುಂಬುತ್ತದೆ, ಲಾಡ್ಜುಗಳಲ್ಲಿ ಜಾಗ ಸಿಗುವುದಿಲ್ಲ, ಹೋಟೆಲಿನಲ್ಲಿ ಕುರ್ಚಿಗೆ ಕಾಯಬೇಕಾಗುತ್ತದೆ. ಹಾಗೆಂದೇ ಒಂದು ತಿಂಗಳು ಮುಂಚೆ ಫೋನು ಮಾಡಿ ರೂಮು ಗೊತ್ತು ಮಾಡಿಕೊಂಡಿದ್ದೆ. ಫೋನೆತ್ತಿದ ಮಾಲೀಕ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ದಸೈನಿನಲ್ಲಿ ಬರ್ತೀರಾ?’ ಎಂದು ಹಿಂದಿಯಲ್ಲಿ ಕೇಳಿದ್ದ. ಬರುತ್ತೇನೆ ಎಂದು ಹೆಮ್ಮೆಯಿಂದಲೇ ಹೇಳಿದ್ದೆ.

ವಿಮಾನ ನಿಲ್ದಾಣದಿಂದ ಬರುವಾಗ ಟ್ಯಾಕ್ಸಿಯವನು ದುಪ್ಪಟ್ಟು ಹಣ ಕೇಳಿದ. ‘ನಾಳೆ ನಾನೂ ಹೋಗ್ತಾ ಇದೀನಿ’ ಎಂದ. ಎಲ್ಲಿಗೆ ಎಂದರೆ ‘ಘರ್’ ಎಂದ. ರತ್ನಪಾರ್ಕಿನ ಹತ್ತಿರ ರಸ್ತೆ ಕಟ್ಟಿಕೊಂಡಿತ್ತು. ಬಸ್ಸುಗಳ ಮೇಲೆ ಟ್ರಂಕು, ಅಕ್ಕಿಮೂಟೆಯಂತೆ ಕಟ್ಟಿದ ಕಂಬಳಿ, ಪ್ಲಾಸ್ಟಿಕ್ ಕುರ್ಚಿ, ಒಂದರ ಮೇಲಂತೂ ಹಗ್ಗ ಕಟ್ಟಿದ ಎರಡು ಹೋತ. ಇಷ್ಟೊಂದು ಜನ ಬರುತ್ತಿದ್ದಾರಲ್ಲ ಎಂದುಕೊಂಡೆ. ಆಮೇಲೆ ಬಸ್ಸುಗಳ ಮೂತಿ ಯಾವ ಕಡೆಗಿದೆ ಎಂದು ನೋಡಿದೆ. ಎಲ್ಲವೂ ಹೊರಕ್ಕೆ.

ಮಾರನೆಯ ದಿನ ಶನಿವಾರ, ನೇಪಾಳದ ವಾರದ ರಜೆ. ಅಂದೇ ಹಬ್ಬದ ಏಳನೆಯ ದಿನ, ಫೂಲ್‌ಪಾತಿ. ಅಲ್ಲಿಂದ ಸರ್ಕಾರಿ ರಜೆ ಶುರು. ಗ್ರಂಥಾಲಯದ ಗೇಟಿಗೆ ಬೀಗ ಬಿದ್ದಿತ್ತು. ಕಾವಲುಗಾರ ಮಾತ್ರ ಒಳಗಿನಿಂದ ಬೆರಳೆಣಿಸಿ ತೋರಿಸಿದ. ಎಷ್ಟು ಬೆರಳು ಮಡಚಿದನೋ, ನನ್ನ ವಾಪಸು ಟಿಕೆಟ್ಟಿನ ದಿನ ಅದರೊಳಗೇ ಮುಗಿದುಹೋಗುತ್ತಿತ್ತು. ತಪ್ಪು ನನ್ನದೇ.

ಭಾನುವಾರದ ಹೊತ್ತಿಗೆ ಕಾಠ್ಮಂಡು ಬೇರೆಯೇ ಊರಾಗಿತ್ತು. ಹೊಗೆ, ಧೂಳು, ಹಾರನ್ನಿಗೆ ಹೆಸರಾದ ನಗರ ಅದು. ಬಾಯಿಗೆ ಮಾಸ್ಕು ಕಟ್ಟಿಕೊಳ್ಳುವುದನ್ನು ಕೊರೋನಾಕ್ಕೂ ಮೊದಲೇ ಕಲಿತಿದ್ದ ಜನ ಅವರು. ಅಲ್ಲೀಗ ರಸ್ತೆ ದಾಟಲು ಎರಡೂ ಕಡೆ ನೋಡಬೇಕಾಗಿರಲಿಲ್ಲ. ಉತ್ತರಕ್ಕೆ ಹಿಮದ ಶಿಖರಗಳು ಮನೆಯ ತಾರಸಿಗಳಿಗೆ ತಾಗಿಕೊಂಡಂತೆ ನಿಂತಿದ್ದವು. ಆಕಾಶದಲ್ಲಿ ಗಾಳಿಪಟ. ಸಾಲು ಸಾಲು ಷಟರ್ ಮುಚ್ಚಿದ ಅಂಗಡಿಗಳು. ಅಡುಗೆಯವರು ಹೋದದ್ದರಿಂದ ಹೋಟೆಲು ಇಲ್ಲ, ಪತ್ರಿಕೆ ಹಂಚುವ ಹುಡುಗರು ಹೋದದ್ದರಿಂದಲೋ ಅಚ್ಚು ಮಾಡುವವರು ಹೋದದ್ದರಿಂದಲೋ ಪತ್ರಿಕೆಯೂ ಇಲ್ಲ. ಎಟಿಎಂನಲ್ಲಿ ದುಡ್ಡಿರಲಿಲ್ಲ. ನಾನು ಎರಡು ದಿನ ಬಿಸ್ಕತ್ತು, ಬಾಳೆಹಣ್ಣು ಮತ್ತು ಕಪ್ಪು ಟೀಯಲ್ಲಿ ಕಳೆದೆ. ಹಾಲೂ ಸರಿಯಾಗಿ ಬರುತ್ತಿರಲಿಲ್ಲ.

ಹಬ್ಬಕ್ಕೆ ಮುಂಚಿನ ಮೂರು ವಾರ ಇದಕ್ಕೆ ಪೂರ್ತಿ ಉಲ್ಟಾ ಎಂದು ಆಮೇಲೆ ತಿಳಿಯಿತು. ನೇಪಾಳದ ವ್ಯಾಪಾರದ ವರ್ಷ ಒಂದು ಬೆಟ್ಟದ ಹಾಗೆ. ದಸೈನಿನವರೆಗೆ ಏರುತ್ತದೆ, ಫೂಲ್‌ಪಾತಿಯ ದಿನ ಆಚೆ ಬದಿಗೆ ಬಿದ್ದುಬಿಡುತ್ತದೆ. ನೌಕರರಿಗೆ ಹಬ್ಬದ ಖರ್ಚಿಗೆಂದು ಒಂದು ತಿಂಗಳ ಮೂಲವೇತನ ಹೆಚ್ಚಿಗೆ ಸಿಗುತ್ತದೆ. 2017ರ ಕಾರ್ಮಿಕ ಕಾಯ್ದೆಯಲ್ಲಿ ಅದನ್ನು ಹಕ್ಕೆಂದೇ ಬರೆದಿದ್ದಾರೆ. ಹಿರಿಯರು ಟೀಕಾ ಇಟ್ಟು ದಕ್ಷಿಣೆ ಕೊಡುವಾಗ ಮಾಸಿದ ನೋಟು ಕೊಡಬಾರದು. ಅದಕ್ಕಾಗಿ ನೇಪಾಳ ರಾಷ್ಟ್ರ ಬ್ಯಾಂಕು ಹಬ್ಬಕ್ಕೆ ಮುಂಚೆ ಗರಿಗರಿ ನೋಟುಗಳನ್ನು ಬಿಡುಗಡೆ ಮಾಡುತ್ತದೆ, ಜನ ಅದಕ್ಕೂ ಸಾಲು ನಿಲ್ಲುತ್ತಾರೆ. ಮುಸ್ತಾಂಗ್ ಕಡೆಯ ಚ್ಯಾಂಗ್ರಾ ಎಂಬ ಬೆಟ್ಟದ ಮೇಕೆಗಳು, ತರಾಯಿಯ ಬಯಲಿನ ಹೋತಗಳು ಲಾರಿಗಳಲ್ಲಿ ಬಂದು ಕಲಂಕಿಯ ಸಂತೆಯಲ್ಲಿ ತೂಕಕ್ಕೆ ಮಾರಾಟವಾಗುತ್ತವೆ. ಬಸ್ಸಿನ ಮುಂಗಡ ಟಿಕೆಟ್ ಕೊಡಲು ಶುರುಮಾಡುವ ದಿನವೇ ಒಂದು ಸುದ್ದಿ. ಅಷ್ಟೆಲ್ಲ ದುಡ್ಡು ಈ ಕಣಿವೆಯಲ್ಲಿ ಕೆಲವು ದಿನ ಗಿರಕಿ ಹೊಡೆದು, ಬಸ್ಸು ಹತ್ತಿ ಹಳ್ಳಿಗೆ ಹೋಗಿಬಿಡುತ್ತದೆ. ಬಹಳಷ್ಟು ಕಾರ್ಖಾನೆಗಳಿಗೆ ಕೆಲಸಗಾರರು ಪೂರ್ತಿಯಾಗಿ ವಾಪಸಾಗುವುದು ದೀಪಾವಳಿ ಮತ್ತು ಛಠ್ ಕಳೆದ ಮೇಲೆ, ಹೆಚ್ಚುಕಮ್ಮಿ ಒಂದು ತಿಂಗಳಾಗುತ್ತದೆ. ತರಕಾರಿ ಮಾರುವ, ಕ್ಷೌರ ಮಾಡುವ ತರಾಯಿಯವರಿಗೆ ದಸೈನಿಗಿಂತ ಛಠ್ ದೊಡ್ಡದು. ಹಾಗಾಗಿ ನಗರ ಒಮ್ಮೆ ಅಡುಗೆಯವರಿಲ್ಲದೆ, ಇನ್ನೊಮ್ಮೆ ಕ್ಷೌರಿಕರಿಲ್ಲದೆ ಕಷ್ಟಪಡುತ್ತದೆ. ಡೋಲು ಬಡಿಯುತ್ತ ಬಂದ ದಸೈನ್ ಸಾಲ ಹೊರಿಸಿ ಹೋಯಿತು ಎನ್ನುವ ಅರ್ಥದ ಒಂದು ಗಾದೆ ನೇಪಾಳಿಯಲ್ಲಿದೆ. ನಮ್ಮ ಗೌರಿಹಬ್ಬದ ಸಾಲದ ಕಥೆಗಳಿಗೂ ಅದು ಸರಿಹೊಂದುತ್ತದೆ.

ನನ್ನ ಲಾಡ್ಜು ಇದ್ದದ್ದು ಝೋಛೆಂ ಎಂಬ ಗಲ್ಲಿಯಲ್ಲಿ, ಹನುಮಾನ್ ಢೋಕಾದ ಹಳೆಯ ಅರಮನೆಗೆ ಕೂಗಳತೆಯಲ್ಲಿ. ಮಾಲೀಕ ನೇವಾರರವನು. ಅವನು ಎಲ್ಲಿಗೂ ಹೋಗಿರಲಿಲ್ಲ. ಯಾಕೆ ಎಂದು ಕೇಳಿದೆ. ‘ನಾವೆಲ್ಲಿಗೆ ಹೋಗೋದು? ನಮ್ಮ ಘರ್ ಇದೇ’ ಎಂದು ನೆಲವನ್ನು ಕಾಲಿನಲ್ಲಿ ಒಮ್ಮೆ ತಟ್ಟಿದ. ಮಿಕ್ಕವರದೆಲ್ಲ ಇಲ್ಲಿ ಡೇರಾ, ನಮ್ಮದು ಮಾತ್ರ ಘರ್ ಎಂದ.

ಡೇರಾ ಎಂಬ ಮಾತು ಕೇಳಿ ನನ್ನ ಕಿವಿ ನಿಮಿರಿತು. ನೇಪಾಳಿಯಲ್ಲಿ ಬಾಡಿಗೆಗಿರುವ ಕೋಣೆಗೆ, ಬಿಡಾರಕ್ಕೆ ಡೇರಾ ಎನ್ನುತ್ತಾರೆ. ಅದೇ ಮಾತು ನಮ್ಮಲ್ಲಿ ಡೇರೆಯಾಗಿ ಬಂದು, ಸರ್ಕಸ್ಸಿನವರ ಮತ್ತು ದಂಡಿನವರ ಗುಡಾರಕ್ಕೆ ಅಂಟಿಕೊಂಡಿದೆ. ಒಬ್ಬ ಮನುಷ್ಯ ಕಾಠ್ಮಂಡುವಿನಲ್ಲಿ ಮೂವತ್ತು ವರ್ಷ ಸಂಸಾರ ಮಾಡಿರಬಹುದು, ಮಕ್ಕಳು ಅಲ್ಲೇ ಹುಟ್ಟಿ ಕಾಲೇಜಿಗೆ ಹೋಗುತ್ತಿರಬಹುದು. ಅವನ ಘರ್ ಎಲ್ಲಿ ಎಂದು ಕೇಳಿದರೆ ಗೂರ್ಖಾ, ಲಮ್‌ಜುಂಗ್, ಭೋಜ್‌ಪುರ, ಸಿಂಧುಲಿ ಎನ್ನುತ್ತಾನೆ. ಕಾಠ್ಮಂಡುವಿನಲ್ಲಿರುವುದು ಡೇರಾ. ಬೆಂಗಳೂರಿನಲ್ಲಿ ನಾವು ‘ನಿಮ್ಮ ಊರು ಯಾವುದು?’ ಎಂದು ಕೇಳಿದಾಗ ಯಾರೂ ಬೆಂಗಳೂರು ಎನ್ನದೆ ಇರುವುದೂ ಇದೇ ಅಲ್ಲವೇ. ಯುಗಾದಿಯ ಹಿಂದಿನ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಓದಲು ಏನೂ ಸಿಗದೆ, ತಿರುಗಲು ಊರೆಲ್ಲ ಖಾಲಿಯಿದ್ದದ್ದರಿಂದ, ನನ್ನ ತಲೆ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡಿತು. ಮೈಸೂರನ್ನು ತುಂಬುವ ಹಬ್ಬ ಕಾಠ್ಮಂಡುವನ್ನು ಖಾಲಿ ಮಾಡುವುದೇಕೆ? ಊರಿಗೆ ಬಂದಮೇಲೆ ಆ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಭಟ್ಟರ ಕಥೆ ಹಿಂದಕ್ಕೆ ಸರಿಯಿತು.

ಮೈಸೂರು ದಸರೆಯ ಮೂಲ ಶ್ರೀರಂಗಪಟ್ಟಣ, 1610ರಲ್ಲಿ ರಾಜ ಒಡೆಯರು ಶುರುಮಾಡಿದ್ದು. ಅದರ ಮೂಲ ವಿಜಯನಗರದ ಮಹಾನವಮಿ. 1443ರಲ್ಲಿ ಹೆರಾತಿನ ಶಾರುಖನ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕ್, ಅದಾದ ಮೇಲೆ ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ವ್ಯಾಪಾರಿ ಪಾಯೆಸ್ ಇಬ್ಬರೂ ಈ ಹಬ್ಬವನ್ನು ವರ್ಣಿಸಿದ್ದಾರೆ. ಆನೆಗಳು, ಕುಸ್ತಿ, ನರ್ತಕಿಯರ ಒಡವೆ ಇದೆಲ್ಲ ನಮಗೆ ಶಾಲೆಯಲ್ಲೇ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾದ ಒಂದು ಒಣ ಮಾತನ್ನು ಅವರ ನಂತರ ಬಂದ ನೂನಿಜ್ ಬರೆದಿದ್ದಾನೆ. ನಾಯಕರು, ದಂಡನಾಯಕರು ತಮ್ಮ ತಮ್ಮ ಸೀಮೆಯಿಂದ ಅರಸನಿಗೆ ಸಲ್ಲಬೇಕಾದ ಹಣವನ್ನು ಕಟ್ಟುತ್ತಿದ್ದದ್ದು ಈ ಒಂಬತ್ತು ದಿನಗಳಲ್ಲಿ. ಅಂದರೆ ಮಹಾನವಮಿ ಕಂದಾಯದ ಕೊನೆಯ ದಿನವೂ ಆಗಿತ್ತು. ಮಳೆ ನಿಂತಿದೆ, ದಾರಿ ತೆರೆದಿದೆ, ದಂಡು ಹೊರಡುವ ಕಾಲ ಬಂದಿದೆ. ಯಾರು ತನ್ನ ಕಡೆ ಇದ್ದಾರೆ, ಯಾರು ಇಲ್ಲ ಎಂದು ಅರಸ ಎಣಿಸಿ ನೋಡಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಹಬ್ಬಕ್ಕೆ ಬಾರದವನು ವೈರಿ. ರಾಜಧಾನಿ ತುಂಬುತ್ತಿದ್ದದ್ದು ಭಕ್ತಿಯಿಂದ ಮಾತ್ರ ಎಂದು ನಾನಂತೂ ನಂಬುವುದಿಲ್ಲ.

ಕಾಠ್ಮಂಡುವಿನ ದಸೈನೂ ಒಂದು ಕಾಲಕ್ಕೆ ಹೀಗೆಯೇ ಇತ್ತು. ಮಲ್ಲ ಅರಸರ ಕುಲದೇವತೆ ತಲೇಜು ಭವಾನಿಯ ಹಬ್ಬವಾಗಿ ಅದು ಕಣಿವೆಯಲ್ಲಿ ಮೊದಲೇ ಇತ್ತು. ನೇವಾರರು ಅದನ್ನು ಈಗಲೂ ಮೋಹನಿ ಎನ್ನುತ್ತಾರೆ. 1768ರಲ್ಲಿ ಇಂದ್ರಜಾತ್ರೆಯ ದಿನ ಗೂರ್ಖಾದ ಪೃಥ್ವಿನಾರಾಯಣ ಶಾಹ ಕಾಠ್ಮಂಡುವನ್ನು ಹಿಡಿದ. ಮಾರನೆಯ ವರ್ಷಕ್ಕೆ ಭಕ್ತಪುರವೂ ಅವನ ವಶವಾಗಿ ಇಡೀ ಕಣಿವೆ ಅವನದಾಯಿತು. ಅವನ ವಂಶ ಅಲ್ಲೇ ನೆಲೆಯೂರಿತು, ಮಲ್ಲರ ಅರಮನೆಯಲ್ಲೇ ವಾಸ, ಮಲ್ಲರ ತಲೇಜುವಿಗೇ ಪೂಜೆ. ಆದರೆ ದಸೈನಿನ ಹೂವು-ಪತ್ರೆ ಮಾತ್ರ ಗೂರ್ಖಾದಿಂದ ಬರಬೇಕು. ಅದೇ ಫೂಲ್‌ಪಾತಿ. ಬಾಳೆ, ಕಬ್ಬು, ಮೊಳಕೆಯ ಪೈರು, ಎಲೆಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಬ್ರಾಹ್ಮಣರು ದಿನಗಟ್ಟಲೆ ಹೊತ್ತು ತರುತ್ತಾರೆ. ಸಪ್ತಮಿಯ ದಿನ ಜಮಲ್ ಎಂಬಲ್ಲಿ ಅದನ್ನು ಎದುರುಗೊಂಡು ವಾದ್ಯದೊಂದಿಗೆ ಹನುಮಾನ್ ಢೋಕಾಕ್ಕೆ ಒಯ್ಯುತ್ತಾರೆ. ಟುಂಡಿಖೇಲ್ ಮೈದಾನದಲ್ಲಿ ಸೈನ್ಯ ಗುಂಡು ಹಾರಿಸುತ್ತದೆ. ಗ್ರಂಥಾಲಯದ ಗೇಟಿನಿಂದ ಪೆಚ್ಚುಮೋರೆ ಹಾಕಿಕೊಂಡು ಬರುವಾಗ ನಾನು ಕೇಳಿದ ಸದ್ದು ಅದೇ. ಇಡೀ ನಗರ ಹೊರಕ್ಕೆ ಹೋಗುತ್ತಿರುವ ದಿನ ಎಲೆಯ ಒಂದು ಪಲ್ಲಕ್ಕಿ ಒಳಕ್ಕೆ ಬರುತ್ತದೆ. ಇಡೀ ದೇಶವನ್ನು ಗೆದ್ದ ಅರಸನಿಗೂ ಘರ್ ಬೇರೆಡೆ ಇತ್ತು, ಕಾಠ್ಮಂಡುವಿನಲ್ಲಿದ್ದದ್ದು ಒಂದು ದೊಡ್ಡ ಡೇರಾ ಎಂದು ನನಗೆ ಅನ್ನಿಸಿದ್ದು ಇದರಿಂದ. ಲಾಡ್ಜಿನ ಮಾಲೀಕನಿಗೆ ಹೇಳಿದ್ದರೆ ಖುಷಿಪಡುತ್ತಿದ್ದನೇನೋ.

ಶಾಹರ ಮತ್ತು ಅವರ ಮೇಲೆ ಸವಾರಿ ಮಾಡಿದ ರಾಣಾಗಳ ಕಾಲದಲ್ಲಿ ಸರ್ಕಾರಿ ಕೆಲಸವೆನ್ನುವುದು ವರ್ಷ ವರ್ಷವೂ ಹೊಸದಾಗಿ ಸಿಗಬೇಕಿತ್ತು. ಪಜನಿ ಎಂದು ಅದರ ಹೆಸರು. ಕಾರಕೂನನಿಂದ ಹಿಡಿದು ಸುಬೇದಾರನವರೆಗೆ ಎಲ್ಲರ ಹೆಸರನ್ನೂ ದಸೈನಿನ ಆಸುಪಾಸಿನಲ್ಲಿ ಪರಿಶೀಲಿಸಿ, ಇರುವವನನ್ನು ಇರಿಸಿ, ಬೇಡದವನನ್ನು ಕಳಿಸುತ್ತಿದ್ದರು. ಸಂಬಳದ ಬದಲು ಜಾಗೀರು ಭೂಮಿ ಸಿಗುತ್ತಿದ್ದ ಕಾಲ ಅದು. ಕೆಲಸ ಹೋದರೆ ಊಟವೂ ಹೋಯಿತು. ಆಗ ಯಾರು ತಾನೇ ಹಬ್ಬಕ್ಕೆ ಹಳ್ಳಿಗೆ ಹೋಗುತ್ತಾರೆ? ಹಳ್ಳಿಯಲ್ಲಿದ್ದವನೂ ರಾಜಧಾನಿಗೆ ಓಡಿಬಂದು ದೊಡ್ಡವರ ಕೈಯಿಂದ ಹಣೆಗೆ ಟೀಕಾ ಇಡಿಸಿಕೊಳ್ಳಬೇಕು. ಮೊಸರು, ಅಕ್ಕಿ, ಕುಂಕುಮ ಕಲಸಿದ ಆ ಟೀಕಾ ಹಿರಿಯರಿಂದ ಕಿರಿಯರಿಗೆ, ಒಡೆಯನಿಂದ ಆಳಿಗೆ, ಕೊನೆಗೆ ನೋಡಿದರೆ ರಾಜನಿಂದ ಎಲ್ಲರಿಗೆ ಇಳಿದು ಬರುವ ಮುದ್ರೆ. ಹಳ್ಳಿಗಳಲ್ಲಿ ಇದೇ ನಾಟಕ ಸಣ್ಣದಾಗಿ ನಡೆಯುತ್ತಿತ್ತು. ಒಕ್ಕಲುಗಳು ಕಡಿದ ಪ್ರಾಣಿಯ ಪಾಲನ್ನು ಮುಖಂಡನ ಮನೆಗೆ ಒಪ್ಪಿಸಿ ಅವನಿಂದ ಟೀಕಾ ಪಡೆಯಬೇಕು.

ಬ್ರಿಟಿಷ್ ರೆಸಿಡೆನ್ಸಿಯಲ್ಲಿ 1850ರ ನಂತರ ವೈದ್ಯನಾಗಿದ್ದ ಹೆನ್ರಿ ಓಲ್ಡ್‌ಫೀಲ್ಡ್ ಈ ದಿನಗಳಲ್ಲಿ ಸೈನ್ಯದ ತುಕಡಿಗಳು ತಮ್ಮ ಬಾವುಟದ ಮುಂದೆ ಕೋಣಗಳನ್ನು ಕಡಿಯುವುದನ್ನು ಬರೆದಿದ್ದಾನೆ. ಅಷ್ಟಮಿ, ನವಮಿಗಳಲ್ಲಿ ಬಲಿ ನಡೆಯುವ ಜಾಗಗಳಲ್ಲಿ ಹನುಮಾನ್ ಢೋಕಾದ ಪಕ್ಕದ ಕೋಟ್ ಅಂಗಳವೂ ಒಂದು. 1846ರ ಸೆಪ್ಟೆಂಬರ್ 14ರ ರಾತ್ರಿ ಅದೇ ಅಂಗಳದಲ್ಲಿ ಜಂಗ್ ಬಹಾದುರ್ ಮತ್ತು ಅವನ ತಮ್ಮಂದಿರು ಆಸ್ಥಾನದ ದೊಡ್ಡ ದೊಡ್ಡವರನ್ನು ಕೊಂದರು. ಬೆಳಗಾಗುವಷ್ಟರಲ್ಲಿ ಅವನು ಪ್ರಧಾನಿ. ದಸೈನಿಗೆ ಕೆಲವೇ ದಿನ ಬಾಕಿಯಿತ್ತು. ಆ ವರ್ಷ ಪಜನಿಗೆ ಬಂದವರ ಎದೆ ಹೇಗೆ ಹೊಡೆದುಕೊಂಡಿರಬೇಕು.

ಎಲ್ಲರೂ ಮನಸಾರೆ ಮಾಡಿದ ಹಬ್ಬವೂ ಇದಲ್ಲ. ಪೂರ್ವದ ಗುಡ್ಡಗಳಲ್ಲಿ ರಾಯಿ, ಲಿಂಬು ಜನರ ನಡುವೆ ಒಂದು ನೆನಪಿದೆ. ಬಲಿಯ ರಕ್ತದಲ್ಲಿ ಅದ್ದಿದ ಅಂಗೈ ಗುರುತು ಬಾಗಿಲ ಪಕ್ಕದ ಗೋಡೆಯ ಮೇಲೆ ಕಾಣಬೇಕಿತ್ತಂತೆ, ಈ ಮನೆಯವರು ದಸೈನ್ ಮಾಡಿದ್ದಾರೆ ಎಂಬುದಕ್ಕೆ ಸಾಕ್ಷಿಯಾಗಿ. 1990ರ ಪ್ರಜಾಪ್ರಭುತ್ವದ ನಂತರ ಜನಜಾತಿ ಸಂಘಟನೆಗಳು ದಸೈನನ್ನು ಬಹಿಷ್ಕರಿಸಲು ಕರೆಕೊಟ್ಟವು. ಕೆಲವರು ಕೆಂಪು ಬಿಟ್ಟು ಬಿಳಿ ಟೀಕಾ ಇಡುತ್ತಾರೆ. ಆದರೂ ರಜೆಯಲ್ಲಿ ಬಸ್ಸು ಹತ್ತುವವರಲ್ಲಿ ಅವರೂ ಇರುತ್ತಾರೆ. ಟೀಕಾ ಬೇಡದಿದ್ದರೂ ತಾಯಿಯನ್ನು ನೋಡಬೇಕಲ್ಲ.

ಹೊಳೆ ತಿರುಗಿ ಹರಿಯತೊಡಗಿದ್ದು ತೀರ ಇತ್ತೀಚೆಗೆ. 1951ರಲ್ಲಿ ರಾಣಾಗಳ ಆಡಳಿತ ಮುಗಿಯುವವರೆಗೆ ಕಾಠ್ಮಂಡು ಮುಚ್ಚಿದ ಊರು. ಭಾರತದಿಂದ ಹೋಗುವವರಿಗೆ ಶಿವರಾತ್ರಿಯ ಜಾತ್ರೆ ಬಿಟ್ಟರೆ ಪ್ರವೇಶ ಸುಲಭವಿರಲಿಲ್ಲ. ಮೋಟಾರು ಓಡುವ ರಸ್ತೆಯೇ ಹೊರಗಿನಿಂದ ಒಳಗೆ ಇರಲಿಲ್ಲ. ರಾಣಾಗಳ ಕಾರುಗಳನ್ನು ಹಮಾಲರು ಗುಂಪಾಗಿ ಬಿದಿರಿನ ಮೇಲೆ ಹೊತ್ತು ಗುಡ್ಡ ದಾಟಿಸಿ ತರುತ್ತಿದ್ದರು. ಆ ಫೋಟೋಗಳನ್ನು ಈಗಲೂ ನೋಡಬಹುದು. ಐವತ್ತರ ದಶಕದ ಗಣತಿಯಲ್ಲಿ ಇಡೀ ಕಣಿವೆಯ ಜನಸಂಖ್ಯೆ 4 ಲಕ್ಷದ ಆಸುಪಾಸು. ಭಾರತದ ನೆರವಿನಿಂದ ತ್ರಿಭುವನ್ ರಾಜಪಥ್ 1956ರಲ್ಲಿ ಆಯಿತು. ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ಚೀನಾದ ನೆರವಿನ ಪೃಥ್ವಿ ಹೆದ್ದಾರಿ ಪೋಖರಾಕ್ಕೆ ಮುಟ್ಟಿತು. ಶಾಲೆ, ಆಸ್ಪತ್ರೆ, ಸಚಿವಾಲಯ, ಪಾಸ್‌ಪೋರ್ಟು ಎಲ್ಲವೂ ಒಂದೇ ಕಣಿವೆಯಲ್ಲಿ. ಜನ ಬರತೊಡಗಿದರು.

1996ರಲ್ಲಿ ಮಾವೋವಾದಿಗಳ ಯುದ್ಧ ಶುರುವಾದ ಮೇಲೆ ಬಂದವರು ಓದಿಗೋ ಕೆಲಸಕ್ಕೋ ಬಂದವರಲ್ಲ, ಜೀವ ಉಳಿಸಿಕೊಳ್ಳಲು ಬಂದವರು. ಹಗಲು ಸೈನ್ಯ, ರಾತ್ರಿ ಬಂಡುಕೋರರು. ಹಳ್ಳಿಯಲ್ಲಿ ಹದಿನೈದು ದಾಟಿದ ಮಕ್ಕಳನ್ನು ಇಟ್ಟುಕೊಳ್ಳುವಂತಿರಲಿಲ್ಲ. ಹತ್ತು ವರ್ಷದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ನಡುವೆಯೂ ದಸೈನ್ ಬಂದರೆ ಬಂದೂಕು ಸ್ವಲ್ಪ ತಗ್ಗುತ್ತಿತ್ತು. 2003ರಲ್ಲಿ, ಮತ್ತೆ 2004ರಲ್ಲಿ ಮಾವೋವಾದಿಗಳು ಹಬ್ಬಕ್ಕೆಂದು ಒಂಬತ್ತು ದಿನಗಳ ಕದನವಿರಾಮ ಸಾರಿದರು. ಹಿಂದೂ ರಾಜಪ್ರಭುತ್ವವನ್ನು ಕಿತ್ತೊಗೆಯಲು ಹೊರಟವರು ಆ ರಾಜಪ್ರಭುತ್ವದ ದೊಡ್ಡ ಹಬ್ಬಕ್ಕೆ ರಜೆ ಕೊಟ್ಟದ್ದು ತಮಾಷೆಯೆಂದು ತೋರಬಹುದು. ನನಗೆ ತೋರುವುದಿಲ್ಲ. ಊರು ಬಿಟ್ಟು ಓಡಿಬಂದವರು ವರ್ಷಕ್ಕೊಮ್ಮೆ ಹೋಗಿ ಮನೆಯ ಮಾಡು ಸೋರುತ್ತಿದೆಯೇ, ಅಪ್ಪ ಬದುಕಿದ್ದಾನೆಯೇ ಎಂದು ನೋಡಿಬರಲು ಸಿಕ್ಕ ಒಂಬತ್ತು ದಿನ ಅದು.

2021ರ ಗಣತಿಯಲ್ಲಿ ಕಣಿವೆಯ ಮೂರು ಜಿಲ್ಲೆಗಳ ಜನಸಂಖ್ಯೆ 30 ಲಕ್ಷ. ನಾಲ್ಕು ಲಕ್ಷದಿಂದ ಮೂವತ್ತು ಲಕ್ಷದವರೆಗಿನ ಈ ಅಂತರದಲ್ಲಿ ಇರುವವರೆಲ್ಲ ಹೆಚ್ಚುಕಡಿಮೆ ಡೇರಾದವರು ಮತ್ತು ಅವರ ಮಕ್ಕಳು. ಕಾಠ್ಮಂಡು ಯಾರಿಂದ ತುಂಬಿತು ಎನ್ನುವುದನ್ನು ಉಳಿದ ದಿನ ಗಣತಿಯ ಪುಸ್ತಕದಲ್ಲಿ ಹುಡುಕಬೇಕು. ಅಷ್ಟಮಿಯ ದಿನ ರಸ್ತೆಯಲ್ಲಿ ನಿಂತರೆ ಸಾಕು, ಹೋದವರೆಷ್ಟು ಎಂದು ಕಣ್ಣಿಗೇ ಕಾಣುತ್ತದೆ.

ಹೋಗುವ ದಾರಿಯೂ ಸುಖದ್ದಲ್ಲ. ಪಶ್ಚಿಮಕ್ಕೆ ಹೊರಡುವ ಬಸ್ಸುಗಳೆಲ್ಲ ನಾಗ್‌ಢುಂಗಾ ಎಂಬ ಒಂದೇ ಕಣಿವೆಬಾಯಿಯಿಂದ ಇಳಿಯಬೇಕು. ನಾನು ಹೋಗುವ ಹಿಂದಿನ ವರ್ಷ, 2015ರಲ್ಲಿ, ಭೂಕಂಪ ಆಗಿ ಆರು ತಿಂಗಳೂ ಆಗಿರಲಿಲ್ಲ, ಭಾರತದ ಗಡಿಯಲ್ಲಿ ಲಾರಿಗಳು ನಿಂತು ಪೆಟ್ರೋಲು-ಡೀಸೆಲು ಇರಲಿಲ್ಲ. ಓಡುತ್ತಿದ್ದ ಅಷ್ಟಿಷ್ಟು ಬಸ್ಸುಗಳ ಮೇಲ್ಛಾವಣಿ ಹತ್ತಿ ಜನ ದಸೈನಿಗೆ ಹೋದರು. 2020ರಲ್ಲಿ ಸರ್ಕಾರವೇ ಇದ್ದಲ್ಲಿ ಇರಿ ಎಂದು ಕೇಳಿಕೊಂಡಿತು, ಆದರೂ ಹೋದರು. 2024ರಲ್ಲಿ ಹಬ್ಬಕ್ಕೆ ಒಂದು ವಾರವಿರುವಾಗ ಸುರಿದ ಮಳೆಯಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಧಾದಿಂಗ್‌ನ ಝ್ಯಾಪ್ಲೆ ಖೋಲಾದ ಹತ್ತಿರ ಸಾಲುಗಟ್ಟಿ ನಿಂತಿದ್ದ ಬಸ್ಸುಗಳ ಮೇಲೆ ಗುಡ್ಡ ಜರಿದು ಮೂವತ್ತಕ್ಕೂ ಹೆಚ್ಚು ಜನ ಮಣ್ಣಾದರು. ಪೂರ್ವದ ಕಡೆಯ ಬಿ.ಪಿ. ಹೆದ್ದಾರಿ ಹಲವು ಕಡೆ ಕೊಚ್ಚಿಹೋಯಿತು. ಟೀವಿಯಲ್ಲಿ ಆ ದೃಶ್ಯ ನೋಡುತ್ತ ಕೂತಿದ್ದಾಗ ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರ ಅಛಾಮ್ ಜಿಲ್ಲೆಯವನು ನೆನಪಾದ. ಅವನದು ಪಶ್ಚಿಮದ ಕೊನೆ, ಕಾಠ್ಮಂಡುವಿನ ದಾರಿಯೇ ಅಲ್ಲ. ದೆಹಲಿಯವರೆಗೆ ರೈಲು, ಬನ್‌ಬಸಾದಲ್ಲಿ ಗಡಿ, ಅಲ್ಲಿಂದ ಬಸ್ಸು, ಆಮೇಲೆ ನಡಿಗೆ. ದಸರೆ ಬಂತೆಂದರೆ ಬೆಂಗಳೂರಿನ ಎಷ್ಟೋ ಗೇಟುಗಳಲ್ಲಿ ಹೊಸ ಮುಖ ಕಾಣುವುದು ಇದೇ ಕಾರಣಕ್ಕೆ. ನಾವು ಮಾತ್ರ ಇದನ್ನು ಸೆಕ್ಯೂರಿಟಿ ಸಮಸ್ಯೆ ಎಂದು ವಾಟ್ಸಾಪಿನಲ್ಲಿ ಬರೆದುಕೊಳ್ಳುತ್ತೇವೆ.

ಖಾಲಿ ನಗರದಲ್ಲಿ ಉಳಿದವರ ಬಗ್ಗೆ ಹೇಳದಿದ್ದರೆ ಲೆಕ್ಕ ತಪ್ಪುತ್ತದೆ. ಹಳೆಯ ಊರಿನ ಗಲ್ಲಿಗಳು ಖಾಲಿಯಾಗಿರಲಿಲ್ಲ. ಅಷ್ಟಮಿಯ ರಾತ್ರಿ ನೇವಾರರ ಮನೆಗಳಲ್ಲಿ ಕುಛಿ ಭೋಯ್ ಊಟ. ಮನೆಯ ಎಲ್ಲರೂ ವಯಸ್ಸಿನ ಪ್ರಕಾರ ಸಾಲಾಗಿ ಕೂತು ಕುಡಿಬಾಳೆಯಲ್ಲಿ ಗೋಪುರದಂತೆ ಒತ್ತಿದ ಅವಲಕ್ಕಿ ತಿನ್ನುತ್ತಾರೆ. ಅದು ಮನೆಯವರದೇ ಊಟ, ಹೊರಗಿನವರನ್ನು ಕರೆಯುವುದಿಲ್ಲ. ಮಾಲೀಕ ನನಗೆ ಒಂದು ತಟ್ಟೆಯಲ್ಲಿ ಅವಲಕ್ಕಿ, ಹುರಿದ ಸೋಯಾಕಾಳು, ಶುಂಠಿ ಕಳಿಸಿಕೊಟ್ಟ. ಎರಡು ದಿನದ ಬಿಸ್ಕತ್ತಿನ ಮೇಲೆ ಅದು ಅಮೃತ. ನವಮಿಯ ದಿನ ಅವನ ಬೈಕಿಗೆ ಪೂಜೆ. ನಮ್ಮ ಆಯುಧಪೂಜೆಯೇ, ಆದರೆ ಬೂದುಗುಂಬಳದ ಜಾಗದಲ್ಲಿ ಕೋಳಿ. ಅಲ್ಲಿ ವಿಮಾನಕ್ಕೂ ಬಲಿ ಕೊಡುತ್ತಾರೆ. ತಲೇಜುವಿನ ದೊಡ್ಡ ದೇಗುಲ ಸಾಮಾನ್ಯರಿಗೆ ವರ್ಷಕ್ಕೊಮ್ಮೆ ತೆರೆಯುವುದು ನವಮಿಯಂದೇ. ಅದರ ಸುತ್ತಲ ಚೌಕದಲ್ಲಿ ಭೂಕಂಪದ ಗಾಯ ಹಾಗೇ ಇತ್ತು. ಕಾಷ್ಠಮಂಡಪ ಇದ್ದ ಜಾಗ ಬಯಲು, ಅರಮನೆಯ ಗೋಡೆಗಳಿಗೆ ಮರದ ಊರುಗೋಲು. ಜನ ಅದರ ನಡುವೆಯೇ ಹೊಸ ಬಟ್ಟೆಯಲ್ಲಿ ಓಡಾಡುತ್ತಿದ್ದರು. ‘ಈ ಎರಡು ವಾರ ಊರು ಮತ್ತೆ ನಮ್ಮದು’ ಎಂದ ಮಾಲೀಕ. ಇನ್ನೂರೈವತ್ತು ವರ್ಷದ ಹಿಂದೆ ಸೋತವರು ಹೇಳುವ ಮಾತಿನಂತೆ ಅದು ಕೇಳಿಸಿತು. ಹಾಗೆಂದು ಬಾಡಿಗೆಯ ದುಡ್ಡು ಅವನಿಗೆ ಬೇಡವೇ? ಬೇಕು. ನಾನು ಕೇಳಿದಾಗ ನಕ್ಕುಬಿಟ್ಟ.

ಲಾಡ್ಜಿನಲ್ಲಿ ನಾನಲ್ಲದೆ ಇನ್ನೊಬ್ಬ ಪರಸ್ಥಳದವನಿದ್ದ. ಹಾಸಿಗೆ ಹಾಸುವ, ಟೀ ಕಾಯಿಸುವ ಹುಡುಗ, ಹದಿನೆಂಟೋ ಹತ್ತೊಂಬತ್ತೋ ಇರಬೇಕು. ಸಿಂಧುಪಾಲ್‌ಚೋಕ್‌ನವನು. ಕಾಠ್ಮಂಡುವಿನಿಂದ ಅಲ್ಲಿಗೆ ಅರ್ಧ ದಿನದ ದಾರಿ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಸತ್ತ ಜಿಲ್ಲೆ ಅದು. ನೀನೇಕೆ ಹೋಗಲಿಲ್ಲ ಎಂದು ಕೇಳಬಾರದಿತ್ತು, ಕೇಳಿದೆ. ‘ಘರ್ ಇಲ್ಲ’ ಎಂದ. ಸರ್ಕಾರ ಮನೆ ಕಟ್ಟಲು 3 ಲಕ್ಷ ರೂಪಾಯಿ ಕೊಡುತ್ತೇನೆಂದಿತ್ತು, ಮೊದಲ ಕಂತು 50 ಸಾವಿರ. ಆ ಕಂತಿನಲ್ಲಿ ಅಡಿಪಾಯ ತೋಡಿ ಚಿಕ್ಕಪ್ಪ ತಗಡಿನ ಕೆಳಗೆ ಮಲಗುತ್ತಿದ್ದಾನೆ ಎಂದ. ತಗಡಿನ ಕೆಳಗೆ ಹೋಗಿ ಹೇಗೆ ಟೀಕಾ ಇಡಿಸಿಕೊಳ್ಳಲಿ, ಮನೆ ಎದ್ದ ಮೇಲೆ ಹೋಗುತ್ತೇನೆ ಎಂದ. ತಂದೆ-ತಾಯಿಯ ಬಗ್ಗೆ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಅಕ್ಟೋಬರ್ 11, ದಶಮಿ. ಟೀಕಾ ಇಡುವ ಶುಭ ಮುಹೂರ್ತವನ್ನು ಪಂಚಾಂಗ ಸಮಿತಿ ಗೊತ್ತುಮಾಡಿ ದೇಶಕ್ಕೆಲ್ಲ ತಿಳಿಸುತ್ತದೆ. ಆ ಹೊತ್ತಿಗೆ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. 2008ರವರೆಗೆ ನಾರಾಯಣಹಿಟಿ ಅರಮನೆಯ ಮುಂದೆ ರಾಜನ ಕೈಯಿಂದ ಟೀಕಾ ಪಡೆಯಲು ಜನ ಸಾಲು ನಿಲ್ಲುತ್ತಿದ್ದರು. ಈಗ ರಾಷ್ಟ್ರಪತಿ ಶೀತಲ್ ನಿವಾಸದಲ್ಲಿ ಇಡುತ್ತಾರೆ. ಮಾಜಿ ರಾಜ ಜ್ಞಾನೇಂದ್ರ ತನ್ನ ಮನೆಯಲ್ಲಿ ಇಡುತ್ತಾನೆ. ಎರಡೂ ಕಡೆ ಜನ ಹೋಗುತ್ತಾರೆ. ಆ ಸಲ ರಾಷ್ಟ್ರಪತಿಯಾಗಿದ್ದವರು ವಿದ್ಯಾದೇವಿ ಭಂಡಾರಿ, ಆ ಹುದ್ದೆಗೆ ಬಂದ ಮೊದಲ ಹೆಂಗಸು. ವಿಧವೆಯೊಬ್ಬಳು ಇಡೀ ದೇಶದ ಹಣೆಗೆ ಕೆಂಪು ಇಡುವುದನ್ನು ಓಲ್ಡ್‌ಫೀಲ್ಡ್ ಕಂಡ ನೇಪಾಳದಲ್ಲಿ ಯಾರೂ ಊಹಿಸಲು ಸಾಧ್ಯವಿರಲಿಲ್ಲ.

ನಮ್ಮ ಲಾಡ್ಜಿನಲ್ಲಿ ಮಾಲೀಕನ ತಾಯಿ ಕೆಳಗಿಳಿದು ಬಂದರು. ಎಂಬತ್ತು ದಾಟಿದ ಮುದುಕಿ. ಮಕ್ಕಳು, ಮೊಮ್ಮಕ್ಕಳಿಗೆ ಇಟ್ಟಾದ ಮೇಲೆ ಹಿತ್ತಾಳೆಯ ತಟ್ಟೆಯಲ್ಲಿ ಇನ್ನೂ ಟೀಕಾ ಉಳಿದಿತ್ತು. ನನ್ನನ್ನು ಕೂರಿಸಿ ಹಣೆಗೆ ಒತ್ತಿ, ಕಿವಿಯ ಮೇಲೆ ಕತ್ತಲಲ್ಲಿ ಬೆಳೆಸಿದ ಹಳದಿ ಮೊಳಕೆಯನ್ನು ಸಿಕ್ಕಿಸಿದರು. ನೇವಾರಿಯಲ್ಲಿ ಏನೋ ಹರಸಿದರು. ಗರಿಗರಿಯಾದ ಹತ್ತು ರೂಪಾಯಿಯ ನೋಟು ಕೈಗೆ ಬಂತು. ಆಮೇಲೆ ಹುಡುಗನನ್ನು ಹೆಸರು ಹಿಡಿದು ಕರೆದರು. ಅವನು ಅಡುಗೆಮನೆಯಿಂದ ಬರಲಿಲ್ಲ. ಮತ್ತೆ ಕರೆದರು. ಕೈ ಒರೆಸಿಕೊಳ್ಳುತ್ತ ಬಂದು, ನಿಂತೇ ಹಣೆ ಬಗ್ಗಿಸಿದ. ಮುದುಕಿಗೆ ಎಟುಕಲಿಲ್ಲ. ಕೂರು ಎಂದು ಮೊಣಕಾಲಿಗೆ ಮೆಲ್ಲಗೆ ಹೊಡೆದರು.

ಎರಡು ದಿನ ಬಿಟ್ಟು ನಾನು ಹೊರಟೆ. ಬಸ್ಸುಗಳು ಇನ್ನೂ ವಾಪಸು ಬರತೊಡಗಿರಲಿಲ್ಲ. ಅದಕ್ಕೆ ಹುಣ್ಣಿಮೆ ಕಳೆಯಬೇಕು, ಹಣೆಯ ಟೀಕಾ ಮತ್ತು ಕಿವಿಯ ಮೊಳಕೆಯನ್ನು ಅಲ್ಲಿಯವರೆಗೆ ತೆಗೆಯುವುದಿಲ್ಲ. ಬರುವಾಗ ಚೀಲಗಳಲ್ಲಿ ಊರಿನ ಅಕ್ಕಿ, ತುಪ್ಪ, ಒಣಗಿಸಿದ ಮಾಂಸ ಬರುತ್ತದೆ, ಒಂದು ತಿಂಗಳು ಈ ಡೇರಾಗಳಲ್ಲೆಲ್ಲ ಹಳ್ಳಿಯ ವಾಸನೆ ಎಂದು ಮಾಲೀಕ ಹೇಳಿದ. ಟ್ಯಾಕ್ಸಿ ಸಿಗಲಿಲ್ಲ. ಅವನೇ ಪೂಜೆಯಾದ ಬೈಕಿನಲ್ಲಿ ವಿಮಾನ ನಿಲ್ದಾಣಕ್ಕೆ ಬಿಟ್ಟ. ಅಷ್ಟುದ್ದದ ದಾರಿಯಲ್ಲಿ ಬ್ರೇಕು ಒತ್ತಿದ್ದು ಎರಡೇ ಸಲ, ಒಮ್ಮೆ ಗಾಳಿಪಟದ ಹಿಂದೆ ಓಡಿಬಂದ ಹುಡುಗರಿಗೆ, ಇನ್ನೊಮ್ಮೆ ರಸ್ತೆಯ ಮಧ್ಯೆ ಮಲಗಿದ್ದ ಹಸುವಿಗೆ.